ಜೊತೆಗೆ ಬಂದವರಿಗೆ ಉಚಿತ

ಜನವರಿ 12

ಇಲಿಮರಿ,

ಫೋನಲ್ಲಿ ನಿನ್ನ ಜೊತೆ ಲೆಕ್ಕ ಮಾತಾಡೋಕೆ ಆಗಲ್ಲ. ನಾನು ಹತ್ತು ಮಾತಾಡಿದರೆ ನೀನು ಒಂದು ಹೂಂ ಅಂತೀಯ. ಆ ಹೂಂ ಒಪ್ಪಿಗೆಯೋ ಆಕಳಿಕೆಯೋ ಗೊತ್ತಾಗಲ್ಲ. ಮಧ್ಯೆ ನಿನ್ನ ಭಾವ ಬೇರೆ, "ಯಾರು, ಗಡಿಯಾರದ ಡಾಕ್ಟರಾ?" ಅಂತ ಮೂಗು ತೂರಿಸ್ತಾರೆ. ಅದಕ್ಕೇ ಈ ಕಾಗದ. ಕತ್ತರಿಸೋ ಮೇಜಿನ ಮೇಲೆ, ಶರ್ಟಿನ ಅಳತೆ ಬರೆಯೋ ಕಂದು ಹಾಳೆಯ ಹಿಂದುಗಡೆ ಬರೀತಿದ್ದೀನಿ. ಮುಂದುಗಡೆ ಯಾವನದೋ ಕಾಲರ್ ಇದೆ, ಅದನ್ನ ನೋಡಿ ತಲೆ ಕೆಡಿಸಿಕೊಳ್ಳಬೇಡ.

ಆ ಟವರ್ ಇರೋ ಊರಿಗೆ ಫೆಬ್ರವರಿ 13ಕ್ಕೆ ಹೋಗಿ 15ಕ್ಕೆ ವಾಪಸ್. ಆರು ವರ್ಷದಿಂದ ಹೇಳ್ತಾನೇ ಇದ್ದೀವಿ, ಈ ಸಲ ತಪ್ಪಿಸೋ ಹಾಗಿಲ್ಲ. ನಿನಗೆ ನಲವತ್ತು ತುಂಬತ್ತೆ, ನನ್ನ ಮಂಡಿ ಇನ್ನೂ ಮಾತು ಕೇಳ್ತಿದೆ. ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ರೂಮು ನೋಡಿದ್ದೀನಿ, ರಾತ್ರಿಗೆ ಒಂಬೈನೂರು, ನೆಲಮಹಡಿ. ಎರಡು ರಾತ್ರಿಗೆ ಸಾವಿರದ ಎಂಟುನೂರು. ಸಿಟಿ ಬಸ್ಸಿನ ಪಾಸು ಮೂರು ದಿನಕ್ಕೆ ಇಬ್ಬರಿಗೂ ಸೇರಿ ಮುನ್ನೂರ ಅರವತ್ತು. ಊಟ ತಿಂಡಿಗೆ ಸಾವಿರದ ಐನೂರು. ಆಮೇಲೆ ನೋಡೋ ಜಾಗಗಳು: ಮ್ಯೂಸಿಯಂ ಎಪ್ಪತ್ತೈದು, ಮೀನುಮನೆ ಐವತ್ತು, ಟವರ್ ಇನ್ನೂರು. ಒಟ್ಟು ನಾಲ್ಕು ಸಾವಿರಕ್ಕೆ ಹದಿನೈದು ಕಡಿಮೆ.

ರೂಮು, ಬಸ್ಸು, ಊಟ ಅರ್ಧ ಅರ್ಧ. ನೋಡೋ ಜಾಗಗಳ ಖರ್ಚು ಪೂರ್ತಿ ನನ್ನದು. ಅದು ನಿನ್ನ ನಲವತ್ತಕ್ಕೆ ನನ್ನ ಉಡುಗೊರೆ. ಬೇಡ ಗೀಡ ಅಂದರೆ ಕಿವಿ ಹಿಂಡ್ತೀನಿ.

ಇತಿ ನಿನ್ನ,
ಅಕ್ಕ

ಜನವರಿ 20

ಅಕ್ಕ,

ಕಾಲರ್ ಚೆನ್ನಾಗಿದೆ. ಲೆಕ್ಕ ಚೆನ್ನಾಗಿಲ್ಲ.

ನಮ್ಮ ಅಂಗಡಿಗೆ ವಾಚಿಗೆ ಸೆಲ್ ಹಾಕಿಸೋಕೆ ಬಂದ ಒಬ್ಬರು ಹೋದ ತಿಂಗಳು ಆ ಊರಿಗೆ ಹೋಗಿಬಂದಿದ್ದರು. ಅವರ ಹತ್ತಿರ ಎಲ್ಲಾ ಜಾಗದ ಚೀಟಿ ಇತ್ತು, ತಗೊಂಡು ನೋಡಿದೆ. ಮ್ಯೂಸಿಯಂ ತಲೆಗೆ ನೂರೈವತ್ತು, ಮೀನುಮನೆ ನೂರು, ಟವರ್ ನಾನೂರು. ಇಬ್ಬರಿಗೆ ಸಾವಿರದ ಮುನ್ನೂರು ಆಯ್ತು. ನೀನು ಬರೆದಿರೋದು ಮುನ್ನೂರ ಇಪ್ಪತ್ತೈದು. ಇಪ್ಪತ್ತೆಂಟು ವರ್ಷ ಇಂಚುಪಟ್ಟಿ ಹಿಡಿದವಳು ಇಷ್ಟು ಕಡಿಮೆ ಅಳೀತೀಯ ಅಂದರೆ ನಂಬೋದು ಹೇಗೆ?

ಇನ್ನೊಂದು ವಿಷಯ. ನೀನು ಯಾರಿಗೆ ಏನು ಹೊಲಿದರೂ ಒಳಗೆ ಬಟ್ಟೆ ಬಿಡ್ತೀಯ, ಮುಂದೆ ದಪ್ಪ ಆದರೆ ಬಿಚ್ಚಿಕೊಳ್ಳಲಿ ಅಂತ. ಮನೆ ಖರ್ಚಿಗೂ ಹಾಗೇ, ಯಾವಾಗಲೂ ಮೇಲೆ ಐನೂರು. ಈ ಲೆಕ್ಕದಲ್ಲಿ ಒಳಗೆ ಬಟ್ಟೆನೇ ಇಲ್ಲ. ಎಲ್ಲಾ ಸರಿ ಇದೆ ತಾನೇ? ನೋಡೋ ಜಾಗದ ಖರ್ಚನ್ನೂ ಹಂಚಿಕೊಳ್ಳೋಣ. ನನಗೆ ಕಷ್ಟ ಇಲ್ಲ.

ರೂಮು ನೆಲಮಹಡಿ ಅಂತ ಹುಡುಕಿದ್ದಕ್ಕೆ ಥ್ಯಾಂಕ್ಸ್. ಆದರೆ ನನಗೆ ಅಂತ ಏನೂ ಬೇರೆ ಮಾಡಬೇಡ. ಎಡಗಾಲು ಚಿಕ್ಕಂದಿನ ಜ್ವರದಲ್ಲಿ ಒಂದೂವರೆ ಇಂಚು ಹಿಂದೆ ಬಿತ್ತು, ಅಷ್ಟೇ. ಹೊಸ ಶೂಗೆ ಎತ್ತರದ ಅಟ್ಟೆ ಹಾಕಿಸಿದ್ದೀನಿ. ದಿನಾ ಬೆಳಿಗ್ಗೆ ಪಾರ್ಕಿನಲ್ಲಿ ಎರಡು ಸುತ್ತು ನಡೀತಿದ್ದೀನಿ. ನಿನಗಿಂತ ಮುಂದೆ ಇರ್ತೀನಿ, ನೋಡ್ತಿರು.

ತಂಗಿ

ಜನವರಿ 27

ಇಲಿಮರಿ,

ನಿನ್ನ ಆ ಸೆಲ್ ಗಿರಾಕಿ ಹೋಗಿದ್ದು ಭಾನುವಾರ ಇರಬೇಕು. ನಾನು ಟವರಿನ ಆಫೀಸಿಗೇ ಫೋನ್ ಮಾಡಿ ಕೇಳಿದ್ದೀನಿ. ವಾರದ ದಿನ ಬೇರೆ ರೇಟು ಇರತ್ತೆ. ಟಿಕೆಟ್ಟಿನ ವಿಷಯ ನನಗೆ ಬಿಡು. ಮೂರೂ ಕಡೆ ನೀನು ಬೆಂಚಿನ ಮೇಲೆ ಆರಾಮಾಗಿ ಕೂತಿರು, ಕ್ಯೂನಲ್ಲಿ ನಾನು ನಿಂತ್ಕೋತೀನಿ.

ಎಲ್ಲಾ ಸರಿಯಾಗೇ ಇದೆ. ವರ್ಕ್‌ಶಾಪಿನಲ್ಲಿ ಕೆಲಸ ಜೋರು, ಬರೆಯೋಕೆ ಪುರುಸೊತ್ತಿಲ್ಲ.

ಅಕ್ಕ

ಫೆಬ್ರವರಿ 5

ಅಕ್ಕ,

ಸರಿ, ನಿನಗೇ ಬಿಟ್ಟೆ. ನಿನ್ನ ಕೈಯಲ್ಲಿ ಬೈಸಿಕೊಂಡು ಊರು ಸುತ್ತೋದೇ ನನಗೆ ರಜೆ. ಅಂಗಡಿ ಬಾಗಿಲಿಗೆ ಬೋರ್ಡು ಬರೆದಾಯ್ತು, ಮೂರು ದಿನ ರಜೆ ಅಂತ. ಹನ್ನೆರಡು ವರ್ಷದಲ್ಲಿ ಮೊದಲನೇ ಸಲ. ಪಕ್ಕದ ಚಾವಿ ಮಾಡೋರು, "ಏನು ಮೇಡಂ, ಮದುವೆನಾ?" ಅಂತ ಕೇಳಿದರು. ಹೌದು, ಟವರ್ ಜೊತೆ ಅಂದೆ.

ಟವರ್ ಮೇಲೆ ನಿಂತರೆ ಸಮುದ್ರ ಕಾಣತ್ತಂತೆ. ಅದೊಂದು ನೋಡಿದರೆ ಸಾಕು, ಮಿಕ್ಕಿದ್ದು ನೀನು ಎಲ್ಲಿಗೆ ಎಳೆದರೂ ಬರ್ತೀನಿ. ಆ ಊರಿನ ಬಸ್ ಸ್ಟ್ಯಾಂಡಿನಲ್ಲಿ ಹತ್ತು ಗಂಟೆಗೆ ಸಿಗೋಣ.

ತಂಗಿ

ಫೆಬ್ರವರಿ 16

ಇಲಿಮರಿ,

ಮನೆ ಸೇರಿದೆ ತಾನೇ? ತಲೆನೋವು ಹೇಗಿದೆ? ನೀನು ಒಂದು ದಿನ ಮೊದಲೇ ಬಸ್ಸು ಹತ್ತಿಬಿಟ್ಟೆ. ಆ ರೂಮಿನಲ್ಲಿ ಒಬ್ಬಳೇ ಇರೋಕೆ ಮನಸ್ಸಾಗಲಿಲ್ಲ, ನಾನೂ ಮಾರನೇ ದಿನ ಬೆಳಗಿನ ಮೊದಲ ಬಸ್ಸಿಗೇ ಹೊರಟೆ. ಊಟಕ್ಕೆ ನೀನು ಕೊಟ್ಟಿದ್ದರಲ್ಲಿ ಇನ್ನೂರ ಎಂಬತ್ತು ಉಳಿದಿದೆ, ಕಳಿಸ್ತೀನಿ.

ಮೀನುಮನೆ ಚೆನ್ನಾಗಿತ್ತು ಅಲ್ವಾ? ಆ ಚಪ್ಪಟೆ ಮೀನು ಗಾಜಿಗೆ ಮುಖ ಒತ್ತಿಕೊಂಡಿದ್ದು ಥೇಟ್ ನಿನ್ನ ಭಾವ ಬೆಳಿಗ್ಗೆ ಕನ್ನಡಿ ನೋಡೋ ಹಾಗಿತ್ತು. ನೀನು ಎಷ್ಟು ನಕ್ಕೆ.

ಟವರ್ ಕೌಂಟರಿನ ಹತ್ತಿರ ನಾನು ನಿನ್ನನ್ನ ಕರೆದೆನಲ್ಲ, ಅದನ್ನ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಅವಸರದಲ್ಲಿ ಆಗಿಹೋಯ್ತು. ಅಲ್ಲಿದ್ದವರು ಯಾರೂ ಅಷ್ಟಾಗಿ ನೋಡಲಿಲ್ಲ.

ಆ ಲಿಫ್ಟ್ ಬಾಗಿಲಿನವನ ವಿಷಯ ನಿನಗೆ ಹೇಳಲೇ ಇಲ್ಲ. ನೀನು ನನ್ನನ್ನ ಬಿಟ್ಟು ಮುಂದೆ ಹೋಗಿಬಿಟ್ಟೆ. ನಿನ್ನ ಟಿಕೆಟ್ಟು ನನ್ನ ಕೈಯಲ್ಲೇ ಇತ್ತು, ಪಾಪ ನಿನ್ನ ಕಾಲು ನೋಡಿ ಹಾಗೇ ಬಿಟ್ಟಿರಬೇಕು. ಹಿಂದೆ ನಾನು ಹೋದೆ. ನನ್ನ ಟಿಕೆಟ್ಟು ನೋಡಿ, "ಇದು ಜೊತೆಗೆ ಬಂದವರ ಟಿಕೆಟ್ಟು, ಯಾರ ಜೊತೆ ಬಂದಿರಿ?" ಅಂದ. ಈಗ ಮೇಲೆ ಹೋದಳಲ್ಲ, ನನ್ನ ತಂಗಿ ಅಂದೆ. ಅದಕ್ಕೆ ಆ ಮನುಷ್ಯ ಏನಂದ ಗೊತ್ತಾ? "ಅವರನ್ನ ಕೇಳಿದೆ ಅಮ್ಮ, ನಿಮ್ಮನ್ನ ಗೊತ್ತೇ ಇಲ್ಲ ಅಂದರು."

ನನ್ನ ರಕ್ತ ಕುದಿದುಹೋಯ್ತು. ನನ್ನ ತಂಗಿ ಹಾಗಂತಾಳಾ? ಬಿಟ್ಟಿ ಟಿಕೆಟ್ಟಿನವರನ್ನ ಸತಾಯಿಸೋಕೆ ಇವರು ಏನು ಬೇಕಾದರೂ ಹೇಳ್ತಾರೆ. ಅಷ್ಟೂ ಜನರ ಮುಂದೆ ಸುಳ್ಳುಗಾರ ಅಂದೆ. ಭುಜ ಇಳಿಬಿದ್ದ ಯೂನಿಫಾರಂ ಹಾಕ್ಕೊಂಡು ನಿಂತಿದ್ದಾನೆ, ಯಾರು ಹೊಲಿದರೋ. ನಾನು ಬೈದಷ್ಟೂ ತಲೆ ತಗ್ಗಿಸಿ ನಿಂತಿದ್ದ. ನೀನು ಮೇಲಿದ್ದ ಒಂದು ಗಂಟೆಯಲ್ಲಿ ಆಫೀಸಿಗೆ ಹೋಗಿ ದೂರಿನ ಪುಸ್ತಕದಲ್ಲಿ ಒಂದು ಪುಟ ಪೂರ್ತಿ ಬರೆದು ಬಂದೆ. ನಮ್ಮ ಅಕ್ಕ ತಂಗಿಯರ ಮಧ್ಯೆ ಮಾತು ತಂದಿಡೋಕೆ ಇವನ್ಯಾರು?

ಸಮುದ್ರ ಕಾಣಿಸ್ತಾ? ಬರಿ.

ಅಕ್ಕ

ಮಾರ್ಚ್ 3

ತಂಗಿ,

ಎರಡು ವಾರ ಆಯ್ತು, ನಿನ್ನ ಕಾಗದ ಇಲ್ಲ. ಫೋನ್ ಮಾಡಿದರೆ ಅಂಗಡಿಯಲ್ಲಿ ಗಿರಾಕಿ ಇದ್ದಾರೆ ಅಂತೀಯ. ಕಣ್ಣಿಗೆ ಭೂತಗನ್ನಡಿ ಹಾಕಿಕೊಂಡು ಕೂತು ನನ್ನ ಫೋನ್ ಮಾತ್ರ ನಿನಗೆ ಕಾಣಿಸ್ತಿಲ್ಲ. ನಿನಗೆ ಕೋಪ ಬಂದಿದೆ, ನನಗೆ ಗೊತ್ತು. ಗೊತ್ತಿಲ್ಲದ ಹಾಗೆ ಹೋದ ಕಾಗದದಲ್ಲಿ ಮೀನಿನ ಕತೆ ಬರೆದೆ.

ಹೇಳಿಬಿಡ್ತೀನಿ. ನಮ್ಮ ವರ್ಕ್‌ಶಾಪಿಗೆ ಬರ್ತಿದ್ದ ಶಾಲೆ ಯೂನಿಫಾರಂ ಕೆಲಸ ಡಿಸೆಂಬರಿನಲ್ಲಿ ಕೈತಪ್ಪಿತು. ಆವಾಗಿಂದ ವಾರಕ್ಕೆ ಮೂರೇ ದಿನ ಕೆಲಸ, ಅರ್ಧ ಸಂಬಳ. ಕೆಲಸ ಜೋರು ಅಂತ ಬರೆದಿದ್ದು ಸುಳ್ಳು. ಹೋಗೋದು ಬೇಡ ಅನ್ನೋಕೆ ಬಾಯಿ ಬರಲಿಲ್ಲ, ಉಡುಗೊರೆ ಅಂತ ಬೇರೆ ದೊಡ್ಡದಾಗಿ ಹೇಳಿಕೊಂಡಿದ್ದೆ. ಟವರಿನ ಆಫೀಸಿಗೆ ಫೋನ್ ಮಾಡಿದಾಗ ಅಲ್ಲಿದ್ದ ಹೆಂಗಸು ಹೇಳಿದಳು, ಅಂಗವಿಕಲರಿಗೆ ಅರ್ಧ ಟಿಕೆಟ್ಟು, ಜೊತೆಗೆ ಬಂದವರಿಗೆ ಉಚಿತ ಅಂತ. ಮ್ಯೂಸಿಯಂ, ಮೀನುಮನೆ ಎಲ್ಲಾ ಕಡೆ ಹಾಗೇ ಅಂತೆ. ಇರೋ ಸೌಲಭ್ಯ ತಾನೇ, ಕಳ್ಳತನ ಅಲ್ಲವಲ್ಲ. ನೀನು ಬೆಂಚಿನ ಮೇಲೆ ಕೂತಿದ್ದರೆ ನಿನಗೆ ಗೊತ್ತಾಗೋದೂ ಇಲ್ಲ ಅಂದುಕೊಂಡೆ. ಎರಡು ಕಡೆ ಗೊತ್ತಾಗಲಿಲ್ಲ. ಟವರಿನವನು ಅಂಗವಿಕಲರ ಕಾರ್ಡು ಕೇಳಿದ. ಕಾರ್ಡು ಇರಲಿಲ್ಲ.

ಬೇಕಾದರೆ ಬೈದು ಬರಿ. ಸುಮ್ಮನಿರಬೇಡ.

ಅಕ್ಕ

ಮಾರ್ಚ್ 9

ಅಕ್ಕ,

ಕಾರ್ಡು ಇರಲಿಲ್ಲ ಅಂತ ಬರೆದು ನಿಲ್ಲಿಸಿಬಿಟ್ಟೆ. ಮುಂದಿಂದು ನಾನು ಬರೀತೀನಿ.

ಕ್ಯೂನಲ್ಲಿ ಐವತ್ತು ಜನ ಇದ್ದರು. ನೀನು ಕೌಂಟರಿನಿಂದ ತಿರುಗಿ, ಕೈ ಎತ್ತಿ, ನನ್ನನ್ನ ಕರೆದೆ. ನಾನು ಏಳ್ತಿದ್ದ ಹಾಗೇ ನೀನು ಒಳಗಿದ್ದವನಿಗೆ ಹೇಳಿದೆ: "ಈಗ ನಡೆದುಕೊಂಡು ಬರ್ತಾಳೆ, ನೀವೇ ನೋಡಿ." ನನಗೆ ಹೇಳಿದೆ: "ನಿಧಾನಕ್ಕೆ ಬಾ." ನಿಧಾನಕ್ಕೆ ಬಾ ಅಂದಿದ್ದು ಬೀಳ್ತೀನಿ ಅಂತಲ್ಲ. ಅವನಿಗೆ ಚೆನ್ನಾಗಿ ಕಾಣಲಿ ಅಂತ. ಕ್ಯೂ ಪೂರ್ತಿ ತಿರುಗಿ ನೋಡಿತು. ಯಾರೂ ನೋಡಲಿಲ್ಲ ಅಂತ ನೀನು ಬರೆದಿದ್ದೀಯ. ಕೌಂಟರಿನವನಿಗೇ ನಾಚಿಕೆಯಾಗಿ ತಲೆ ತಗ್ಗಿಸಿ, "ಸಾಕಮ್ಮ, ಸಾಕು" ಅಂದ. ಆದರೂ ನಾನು ನಡೆದೆ. ಬೆಂಚಿನಿಂದ ಕೌಂಟರಿಗೆ ಇಪ್ಪತ್ತಾರು ಹೆಜ್ಜೆ. ಅರ್ಧದಲ್ಲಿ ಯಾಕೆ ನಿಲ್ಲಲಿಲ್ಲ ಅಂತ ಇವತ್ತಿಗೂ ಗೊತ್ತಿಲ್ಲ. ನೀನು ಕರೆದರೆ ಬರೋದು ನನಗೆ ಅಭ್ಯಾಸ.

ನನ್ನ ಅಂಗಡಿಯಲ್ಲಿ ಕೌಂಟರು ಎದೆ ಮಟ್ಟಕ್ಕಿದೆ. ನಾನು ಗಿರಾಕಿ ಬರೋಕೆ ಮೊದಲೇ ಕೂತಿರ್ತೀನಿ, ಅವರು ಹೋದ ಮೇಲೆ ಏಳ್ತೀನಿ. ಹನ್ನೆರಡು ವರ್ಷದಿಂದ ಬರೋರಿಗೆ ನಾನು ಕುಂಟಿ ಅಂತ ಗೊತ್ತಿಲ್ಲ. ಆ ಕೌಂಟರನ್ನ ಅಷ್ಟು ಎತ್ತರ ಮಾಡಿಸಿದ್ದು ಅದಕ್ಕೇ. ಇದನ್ನ ನಿನಗೂ ಹೇಳಿರಲಿಲ್ಲ.

ಅಮ್ಮ ಬಸ್ಸಿನಲ್ಲಿ ಏನು ಮಾಡ್ತಿದ್ದಳು ಅಂತ ನಿನಗೆ ನೆನಪಿದೆ. ಕಂಡಕ್ಟರ್ ಬಂದ ತಕ್ಷಣ ನನ್ನ ಫ್ರಾಕು ಮೇಲೆತ್ತಿ ಕಾಲಿನ ಕಬ್ಬಿಣದ ಪಟ್ಟಿ ತೋರಿಸೋಳು. ಮಕ್ಕಳಿಬ್ಬರಿಗೂ ಟಿಕೆಟ್ಟು ಬಿಡಲಿ ಅಂತ. ನೀನು ಪಕ್ಕದಲ್ಲೇ ಇರ್ತಿದ್ದೆ. ದೊಡ್ಡವಳಾದ ಮೇಲೆ ಆ ಕಾರ್ಡನ್ನ ನಾನು ಯಾಕೆ ಮಾಡಿಸಲಿಲ್ಲ ಅಂತ ಜಗತ್ತಿನಲ್ಲಿ ಒಬ್ಬರಿಗಾದರೂ ಗೊತ್ತಿದ್ದರೆ ಅದು ನಿನಗೆ.

ಅವತ್ತು ನನ್ನ ಚೀಲದಲ್ಲಿ ಆರು ಸಾವಿರ ಇತ್ತು. ನಿನ್ನ ಲೆಕ್ಕ ತಪ್ಪಿರೋದು ಗೊತ್ತಿತ್ತಲ್ಲ, ತಗೊಂಡು ಬಂದಿದ್ದೆ. ಕೆಲಸ ಕಡಿಮೆಯಾಗಿದೆ ಅಂತ ನೀನು ಒಂದು ಮಾತು ಹೇಳಿದ್ದರೆ ಸಾಕಿತ್ತು. ನನ್ನ ಕಾಲು ನೋಡಿ ಲಿಫ್ಟಿಗೆ ಯಾರೂ ಹಾಗೇ ಬಿಡಲಿಲ್ಲ. ಇನ್ನೊಂದು ಕೌಂಟರಿಗೆ ಹೋಗಿ ನಾನೂರು ಕೊಟ್ಟು ಪೂರ್ತಿ ಟಿಕೆಟ್ಟು ತಗೊಂಡೆ.

ನೀನು ಉಡುಗೊರೆ ಅಂದೆ. ನನ್ನ ಕಾಲನ್ನೇ ನನಗೆ ಉಡುಗೊರೆ ಕೊಟ್ಟೆ.

ತಂಗಿ

ಮಾರ್ಚ್ 17

ತಂಗಿ,

ನಿನ್ನ ಕಾಗದ ವರ್ಕ್‌ಶಾಪಿನಲ್ಲಿ ಓದಿದೆ. ಆಮೇಲೆ ಎರಡು ಪ್ಯಾಂಟು ತಪ್ಪಾಗಿ ಕತ್ತರಿಸಿ ಹಾಳು ಮಾಡಿದೆ. ಮೇಸ್ತ್ರಿ ಬೈದರು, ಬೈಸಿಕೊಂಡೆ.

ನೀನು ಬರೆದಿದ್ದೆಲ್ಲಾ ನಿಜ. ನಿಧಾನಕ್ಕೆ ಬಾ ಅಂದಿದ್ದೂ ನಿಜ, ಯಾಕೆ ಅಂದೆ ಅನ್ನೋದೂ ನಿಜ. ಮರೆತಿದ್ದೆ ಅಂತ ಹೇಳೋಕೆ ಹೊರಟಿದ್ದೆ. ಮರೆತಿರಲಿಲ್ಲ.

ನೀನು ಬಸ್ಸಿನ ಕತೆ ಬರೆದೆ. ನಾನು ಇನ್ನೊಂದು ಹೇಳ್ತೀನಿ, ಯಾರಿಗೂ ಹೇಳಿಲ್ಲ. ಊರಿಗೆ ಸರ್ಕಸ್ ಬಂದಿತ್ತು. ನನಗೆ ಹತ್ತು, ನಿನಗೆ ಐದು. ಅಮ್ಮನ ಹತ್ತಿರ ದುಡ್ಡಿರಲಿಲ್ಲ. ಗೇಟಿನವನು ನಿನ್ನ ಕಾಲು ನೋಡಿ ಅಯ್ಯೋ ಅಂದು ನಮ್ಮಿಬ್ಬರನ್ನೂ ಒಳಗೆ ಬಿಟ್ಟ, ಮೊದಲನೇ ಸಾಲಿನಲ್ಲಿ ಕೂರಿಸಿದ. ನಮ್ಮ ಬೀದಿಯ ಮಕ್ಕಳು ಯಾರೂ ನೋಡದೇ ಇದ್ದಿದ್ದನ್ನ ನಾನು ನೋಡಿದೆ. ಆವತ್ತು ಮನಸ್ಸಿನಲ್ಲಿ ಅಂದುಕೊಂಡೆ, ಇವಳ ಕಾಲು ಹೀಗಿರೋದು ಒಳ್ಳೇದೇ ಆಯ್ತು ಅಂತ. ಹತ್ತು ವರ್ಷದ ಹುಡುಗಿ, ಏನು ತಿಳಿಯತ್ತೆ ಅಂತ ನೀನು ಕ್ಷಮಿಸಬಹುದು. ಆದರೆ ಮೊನ್ನೆ ಟವರಿನ ಆಫೀಸಿನ ಆ ಹೆಂಗಸು ಫೋನಲ್ಲಿ ಉಚಿತ ಅಂದಾಗ ನನಗೆ ಅದೇ ಖುಷಿ ಆಯ್ತು. ಈಗ ನನಗೆ ನಲವತ್ತೈದು. ನನ್ನ ಮುಖ ನಿನಗೆ ಹೇಗೆ ತೋರಿಸಲಿ?

ಇದನ್ನ ಬರೆದ ಮೇಲೆ ಇನ್ನೊಂದು ಕೇಳೋಕೆ ನಾಲಿಗೆ ಬರಲ್ಲ, ಆದರೂ ಕೇಳ್ತೀನಿ. ಟವರಿನ ಆಫೀಸಿನಿಂದ ನನಗೆ ಕಾಗದ ಬಂದಿದೆ. ನನ್ನ ದೂರಿನ ಮೇಲೆ ಆ ಲಿಫ್ಟ್ ಬಾಗಿಲಿನವನನ್ನ ಹದಿನೈದು ದಿನದಿಂದ ಕೆಲಸಕ್ಕೆ ಬರಬೇಡ ಅಂತ ಕಳಿಸಿದ್ದಾರೆ. ಟಿಕೆಟ್ಟಿದ್ದವರನ್ನ ಸುಳ್ಳು ಹೇಳಿ ತಡೆದ ಅಂತ. ಈ ತಿಂಗಳ 28ಕ್ಕೆ ವಿಚಾರಣೆ. ಜೊತೆಗಿದ್ದವರ ಹೇಳಿಕೆ ಬೇಕಂತೆ, ಸಹಿ ಮಾಡಿ ಕಳಿಸಬೇಕಂತೆ. ಅವನನ್ನ ಬಿಡಬೇಡ. ಇಷ್ಟೆಲ್ಲಾ ತಪ್ಪು ಮಾಡಿದವಳು ನಾನು, ಒಪ್ಪಿದೆ. ಆದರೆ ನೀನು ನನ್ನನ್ನ ಗೊತ್ತಿಲ್ಲ ಅಂದೆ ಅನ್ನೋದನ್ನ ಮಾತ್ರ ನಾನು ಸಹಿಸಲ್ಲ. ನಿನಗೆ ನನ್ನ ಮೇಲೆ ಎಷ್ಟು ಕೋಪ ಇದ್ದರೂ ಆ ಮಾತು ನಿನ್ನ ಬಾಯಲ್ಲಿ ಬರಲ್ಲ. ಫಾರಂ ಇದರ ಜೊತೆ ಇಟ್ಟಿದ್ದೀನಿ. ಎರಡು ಸಾಲು ಬರೆದು ಸಹಿ ಹಾಕು.

ಅಕ್ಕ

ಮಾರ್ಚ್ 22

ಅಕ್ಕ,

ಅವನು ಸುಳ್ಳು ಹೇಳಲಿಲ್ಲ.

ಕೌಂಟರಿನ ಹತ್ತಿರ ನಡೆದಿದ್ದನ್ನ ಅವನು ದೂರದಿಂದ ನೋಡಿದ್ದ. ನಾನು ಬೇರೆ ಟಿಕೆಟ್ಟು ಕೊಟ್ಟಾಗ ಅವನಿಗೆ ಆಶ್ಚರ್ಯ ಆಯ್ತು. ನೀನು ಹತ್ತು ಹೆಜ್ಜೆ ಹಿಂದೆ ಎರಡು ಟಿಕೆಟ್ಟು ಹಿಡಕೊಂಡು, ನಿಲ್ಲೇ ನಿಲ್ಲೇ ಅಂತ ಬರ್ತಿದ್ದೆ. ಅವನು ಬಾಗಿಲು ಹಿಡಿದು ನಿಲ್ಲಿಸಿಕೊಂಡಿದ್ದ, ನಿನಗೋಸ್ಕರ. "ಅಮ್ಮ, ಹಿಂದೆ ಬರ್ತಿರೋರು ನಿಮ್ಮವರಾ? ಕಾಯಲಾ?" ಅಂತ ಕೇಳಿದ. ನಾನು ತಿರುಗಿ ನಿನ್ನ ಮುಖ ನೋಡಿದೆ. ಆಮೇಲೆ ಹೇಳಿದೆ, "ಯಾರೋ, ನನಗೆ ಗೊತ್ತಿಲ್ಲ" ಅಂತ. ಬಾಯಿ ತಪ್ಪಿ ಬಂದಿದ್ದಲ್ಲ. ನಿನ್ನ ಮುಖ ನೋಡಿಕೊಂಡೇ ಹೇಳಿದ್ದು.

ಮೇಲೆ ಒಂದು ಗಂಟೆ ಇದ್ದೆ. ಸಮುದ್ರ ಕಾಣಿಸ್ತಾ ಅಂತ ನೀನು ಕೇಳಿದ್ದೆ. ಕಾಣಿಸ್ತು. ಆದರೆ ನಾನು ಇನ್ನೊಂದು ಬದಿಗೆ ಹೋಗಿ ಕೆಳಗಡೆ ನೋಡ್ತಾ ನಿಂತಿದ್ದೆ. ಅಷ್ಟು ಎತ್ತರದಿಂದ ಯಾರೂ ಗುರುತು ಸಿಗಲ್ಲ. ಹಸಿರು ಸೀರೆ ಅಂತ ಹುಡುಕಿದೆ, ಮೂರು ಹಸಿರು ಸೀರೆ ಇತ್ತು. ಕೆಳಗೆ ಬಂದಾಗ ನೀನು ಬೆಂಚಿನ ಮೇಲೆ ಕೂತು, "ಲಿಫ್ಟು ಕೆಟ್ಟಿತ್ತು ಕಣೇ, ಅದಕ್ಕೇ ಬರಲಿಲ್ಲ" ಅಂದೆ. ನನಗೆ ಬೇಜಾರಾಗಬಾರದು ಅಂತ ನೀನು ಸುಳ್ಳು ಹೇಳಿದೆ. ತಲೆನೋವು ಅಂತ ನಾನು ಬಸ್ಸು ಹತ್ತಿದೆ.

ಹೋದ ಕಾಗದದಲ್ಲಿ ನಿನ್ನನ್ನ ಅಷ್ಟು ಬೈದೆ, ಇದನ್ನ ಮಾತ್ರ ಬಚ್ಚಿಟ್ಟೆ. ನಿನ್ನ ತಪ್ಪು ದೊಡ್ಡದಾಗಿ ಕಾಣಲಿ ಅಂತ. ನೀನು ದೂರು ಬರೆದಿದ್ದೀಯ ಅಂತ ಆವಾಗಲೇ ಗೊತ್ತಿತ್ತು, ಪುಸ್ತಕದಲ್ಲಿ ಬರೆದಿದ್ದು ಪುಸ್ತಕದಲ್ಲೇ ಇರತ್ತೆ ಅಂದುಕೊಂಡು ಸುಮ್ಮನಿದ್ದೆ. ಒಬ್ಬ ಮನುಷ್ಯ ಇಪ್ಪತ್ತು ದಿನದಿಂದ ಮನೆಯಲ್ಲಿ ಕೂತಿದ್ದಾನೆ. ಮನೆಯವರಿಗೆ ಏನು ಹೇಳಿಕೊಂಡಿದ್ದಾನೋ. ನಿಜ ಹೇಳಿದ್ದಕ್ಕೇ ಅಷ್ಟೂ ಜನರ ಮುಂದೆ ಬೈಸಿಕೊಂಡು ನಿಂತಿದ್ದನಲ್ಲ, ನಿನ್ನ ಆ ಸಾಲು ನಾಲ್ಕು ಸಲ ಓದಿದೆ.

ನೀನು ಕಳಿಸಿದ ಫಾರಂನಲ್ಲಿ ಎರಡು ಸಾಲಿಗೆ ಜಾಗ ಇತ್ತು, ಸಾಲಲಿಲ್ಲ. ಬೇರೆ ಹಾಳೆ ತಗೊಂಡು ಬರೆದೆ. ನನ್ನ ಎಡಗಾಲು ಚಿಕ್ಕಂದಿನಿಂದ ಊನ. ಅರ್ಧ ಟಿಕೆಟ್ಟು ಕೇಳಿದವರು ಸುಳ್ಳು ಹೇಳಿಲ್ಲ. ಬಾಗಿಲಿನವರೂ ಸುಳ್ಳು ಹೇಳಿಲ್ಲ. ಸುಳ್ಳು ಹೇಳಿದವಳು ನಾನು, ಆಕೆ ನನ್ನ ಒಡಹುಟ್ಟಿದ ಅಕ್ಕ. ಇಷ್ಟು ಬರೆಯೋಕೆ ಎರಡು ದಿನ ಬೇಕಾಯ್ತು. ಊನ ಅನ್ನೋ ಪದ ನನ್ನ ಕೈಯಲ್ಲಿ ಬರೆದಿದ್ದು ಇದೇ ಮೊದಲು. ನಿನ್ನೆ ಅಂಚೆಗೆ ಹಾಕಿದೆ.

ಸರ್ಕಸ್ಸಿನ ವಿಷಯ ಓದಿದೆ. ಅದಕ್ಕೆ ಏನು ಹೇಳಬೇಕೋ ಇನ್ನೂ ಗೊತ್ತಾಗಿಲ್ಲ. ನಿನ್ನ ಮೇಲೆ ಕೋಪ ಇನ್ನೂ ಇದೆ, ಇಲ್ಲ ಅಂತ ಬರೆದರೆ ಅದೂ ಸುಳ್ಳಾಗತ್ತೆ.

28ಕ್ಕೆ ನಾನೇ ಹೋಗ್ತಿದ್ದೀನಿ. ಕಾಗದದಲ್ಲಿ ಹೇಳಿದರೆ ಸಾಲದು, ಅವನ ಎದುರಿಗೇ ಹೇಳಬೇಕು. ಹತ್ತೂವರೆಗೆ ಆಫೀಸಿನ ಬಾಗಿಲ ಹತ್ತಿರ ಇರ್ತೀನಿ. ನೀನೂ ಬಾ ಅಕ್ಕ. ಜೊತೆಯಲ್ಲಿರೋರು ಯಾರು ಅಂತ ಅವನು ಇನ್ನೊಂದು ಸಲ ಕೇಳಲಿ.

ತಂಗಿ